ಗಾಬರಿ ಯಾರಿಗೆ?

ಕಾಯಿಲೆ ಹರಡುತ್ತಿದ್ದರೂ ಸ್ಥಳೀಯ ಆಡಳಿತ ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳಿ ನೋಡಿ. ಯಾವ ದೇಶವಾದರೂ ಉತ್ತರ ಒಂದೇ: "ಹೇಳಿದರೆ ಜನ ಗಾಬರಿಯಾಗುತ್ತಾರೆ." ಈ ಮಾತು ಕೇಳಿದಾಗೆಲ್ಲ ನನಗೆ ವಾಕರ್ಟನ್ ನೆನಪಾಗುತ್ತದೆ.

ಕೆನಡಾದ ಒಂಟಾರಿಯೊದ ಪುಟ್ಟ ಊರು ಅದು. ಸುಮಾರು ಐದು ಸಾವಿರ ಜನ. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು, ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದ ಕೊಳೆ ಊರಿಗೆ ನೀರು ಕೊಡುವ ಒಂದು ಬಾವಿಗೆ ಇಳಿಯಿತು. ಕ್ಲೋರಿನ್ ಸಾಕಷ್ಟು ಹಾಕಿರಲಿಲ್ಲ. ಮೇ 17ಕ್ಕೆ ಲ್ಯಾಬ್‌ನಿಂದ ಫ್ಯಾಕ್ಸ್ ಬಂತು, ನೀರಿನಲ್ಲಿ ಇ. ಕೋಲಿ ಅನ್ನುವ, ಭೇದಿ ತರಿಸುವ ಬ್ಯಾಕ್ಟೀರಿಯಾ ಇದೆ ಅಂತ. ಆ ಕಾಗದ ನೀರು ಸರಬರಾಜು ಕಚೇರಿಯಿಂದ ಆಚೆ ಹೋಗಲೇ ಇಲ್ಲ. ಎರಡು ದಿನದಲ್ಲಿ ಮಕ್ಕಳಿಗೆ ರಕ್ತಭೇದಿ ಶುರುವಾಯಿತು. ಆರೋಗ್ಯ ಇಲಾಖೆಯವರು ಆ ಕಚೇರಿಗೆ ಫೋನ್ ಮಾಡಿ ನೀರು ಹೇಗಿದೆ ಅಂತ ಕೇಳಿದರೆ, ಅಲ್ಲಿನ ಮುಖ್ಯಸ್ಥ "ಸರಿಯಾಗಿದೆ" ಅಂದುಬಿಟ್ಟ. ಫೋನ್ ಇಟ್ಟವನೇ ಸದ್ದಿಲ್ಲದೆ ಜಾಸ್ತಿ ಕ್ಲೋರಿನ್ ಸುರಿದು ಪೈಪು ತೊಳೆಯೋಕೆ ಹೊರಟ. ಗಾಬರಿ ಯಾರಿಗಾಗಿತ್ತು ನೀವೇ ಹೇಳಿ.

ಭೇದಿಯಾದ ಮಗುವಿಗೆ ನಾವು ಮೊದಲು ಕೊಡೋದು ಏನು? ನೀರು ಅಲ್ವಾ?

ಕುದಿಸಿ ಕುಡಿಯಿರಿ ಅನ್ನುವ ಎಚ್ಚರಿಕೆ ಹೊರಬಿದ್ದದ್ದು 21ಕ್ಕೆ. ಅದನ್ನೂ ರೇಡಿಯೊದಲ್ಲಿ ಮಾತ್ರ ಹೇಳಿದ್ದರಿಂದ ಅವತ್ತು ಊರಿನ ಅರ್ಧ ಜನರಿಗೂ ಗೊತ್ತಾಗಲಿಲ್ಲ. 7 ಜನ ಸತ್ತರು. 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. 19ಕ್ಕೇ ನಿಜ ಹೇಳಿದ್ದರೆ 300ರಿಂದ 400 ಜನ ಕಾಯಿಲೆ ಬೀಳುತ್ತಿರಲಿಲ್ಲ ಅಂತ ಆಮೇಲೆ ತನಿಖಾ ಆಯೋಗವೇ ಲೆಕ್ಕ ಕೊಟ್ಟಿತು. ಎರಡೇ ಎರಡು ದಿನದ ಮೌನ.

ಹಾಗಂತ ಗೊತ್ತಿದ್ದದ್ದನ್ನೆಲ್ಲ ಬೀದಿಗೆ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಮುಚ್ಚಿಟ್ಟರೂ ಕಷ್ಟ, ಎಲ್ಲ ಬಿಚ್ಚಿಟ್ಟರೂ ಕಷ್ಟ; ದಕ್ಷಿಣ ಕೊರಿಯಾ ಎರಡನ್ನೂ ನೋಡಿತು. 2015ರಲ್ಲಿ ಅಲ್ಲಿಗೆ ಮರ್ಸ್ ಅನ್ನುವ ಉಸಿರಾಟದ ಸೋಂಕುರೋಗ ಬಂದಾಗ ಸರ್ಕಾರ ಆಸ್ಪತ್ರೆಗಳ ಹೆಸರು ಮುಚ್ಚಿಟ್ಟಿತು. ಜನ ಸುಮ್ನೆ ಕೂರಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಸೇರಿಸಿ ತಾವೇ ಆಸ್ಪತ್ರೆಗಳ ಪಟ್ಟಿ ಮಾಡಿ ಹಂಚಿದರು. ಜೂನ್ 4ರ ರಾತ್ರಿ ಸೋಲ್ ಮೇಯರ್ ಪಾರ್ಕ್ ವೊನ್-ಸೂನ್ ಪತ್ರಿಕಾಗೋಷ್ಠಿ ಕರೆದು, ಸೋಂಕು ತಗುಲಿದ ವೈದ್ಯರೊಬ್ಬರು ಸಾವಿರಕ್ಕೂ ಹೆಚ್ಚು ಜನರಿದ್ದ ಸಭೆಗೆ ಹೋಗಿದ್ದರು ಅಂತ ಬಹಿರಂಗಪಡಿಸಿದರು. ಆ ವೈದ್ಯರು, ಮೇಯರ್ ಹೇಳಿದ್ದು ನಿಜವಲ್ಲ ಅಂತ ತಿರುಗಿಬಿದ್ದರು. ಅವರ ಸಿಟ್ಟಿನಲ್ಲೂ ಅರ್ಥವಿದೆ. ಆದರೆ ಮೂರೇ ದಿನದಲ್ಲಿ ಸರ್ಕಾರ 24 ಆಸ್ಪತ್ರೆಗಳ ಹೆಸರು ಹೇಳಲೇಬೇಕಾಯಿತು.

ಅದೇ ದೇಶ 2020ರಲ್ಲಿ ಇನ್ನೊಂದು ತುದಿಗೆ ಹೋಯಿತು. ಕೊರೊನಾ ಬಂದವರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಪ್ರಕಟಿಸಿದರು. ಹೆಸರಿಲ್ಲದಿದ್ದರೂ ಜನ ಅದು ಯಾರು ಅಂತ ಹುಡುಕಿ ಆಡಿಕೊಂಡರು. ಆಮೇಲೆ ನಿಯಮ ಬಿಗಿ ಮಾಡಬೇಕಾಯಿತು.

ನನಗೆ ಬೇಕಾದದ್ದು ಜಾಗದ ಹೆಸರು. ಮನುಷ್ಯನ ಹೆಸರು ಕಟ್ಟಿಕೊಂಡು ನಾನೇನು ಮಾಡಲಿ? ಯಾವ ಬಡಾವಣೆ, ಯಾವ ಟ್ಯಾಂಕಿನ ನೀರು, ಯಾವ ತಾರೀಖಿನಿಂದ, ಈಗ ನಾವು ಏನು ಮಾಡಬೇಕು. ಇಷ್ಟು ಸಾಕು. ತಿಂಗಳ ಕೊನೆಗೆ ಬರುವ ಒಟ್ಟು ಅಂಕಿ ಇಟ್ಟುಕೊಂಡು ಏನು ಪ್ರಯೋಜನ? ಕಾಲರಾ ತಗುಲಿದರೆ ಕೆಲವೇ ಗಂಟೆಯಿಂದ 5 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಅದು ನಿಮ್ಮ ತಿಂಗಳ ವರದಿಗೆ ಕಾಯುತ್ತಾ?

"ಇನ್ನೂ ಖಚಿತವಾಗಿಲ್ಲ, ಖಚಿತವಾದ ಮೇಲೆ ಹೇಳುತ್ತೇವೆ" ಅನ್ನೋದು ಇನ್ನೊಂದು ನೆಪ. ಖಚಿತವಾಗಿಲ್ಲ ಅನ್ನುವುದನ್ನೇ ಹೇಳಬಹುದಲ್ಲ! ವಾಕರ್ಟನ್‌ನ ಆರೋಗ್ಯಾಧಿಕಾರಿ ಮಾಡಿದ್ದು ಅದನ್ನೇ. ನೀರು ಸರಿಯಿದೆ ಅಂತ ನೀರು ಸರಬರಾಜು ಕಚೇರಿ ಹೇಳುತ್ತಲೇ ಇದ್ದರೂ, ರೋಗಿಗಳನ್ನು ನೋಡಿ 21ಕ್ಕೆ ಎಚ್ಚರಿಕೆ ಹೊರಡಿಸಿದರು. ಅವರ ಇಲಾಖೆ ತಾನೇ ಮಾಡಿಸಿದ ನೀರಿನ ಪರೀಕ್ಷೆಯ ಫಲಿತಾಂಶ ಕೈಗೆ ಬಂದದ್ದು 23ಕ್ಕೆ.