ಮೊಳೆ ಜೋಡಿಸುವ ಕ್ಲಾಸು ನಮ್ಮಲ್ಲೂ ಬೇಕು

ಅಚ್ಚುಮೊಳೆಗಳನ್ನು, ಅಂದರೆ ಒಂದೊಂದು ಅಕ್ಷರ ಕೆತ್ತಿದ ಸೀಸದ ತುಂಡುಗಳನ್ನು, ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟುಬಿಟ್ಟರೆ ಆ ವಿದ್ಯೆ ಉಳಿಯುವುದಿಲ್ಲ. ಯಾರಾದರೂ ಅವನ್ನು ಕೈಗೆತ್ತಿಕೊಂಡು ಜೋಡಿಸುತ್ತಲೇ ಇರಬೇಕು. ಎಷ್ಟೋ ವರ್ಷಗಳ ನಂತರ ಮತ್ತೆ ಮೊಳೆಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಲೆಟರ್‌ಪ್ರೆಸ್ ಮುಂದೆ ನಿಂತ ಮೇಲೆ ನನಗೆ ಇದರಲ್ಲಿ ಅನುಮಾನವೇ ಉಳಿದಿಲ್ಲ.

ಕಾಲೇಜು ದಿನಗಳಲ್ಲಿ ನಮ್ಮೂರಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಂಗ್, ಅಂದರೆ ಮೊಳೆ ಜೋಡಿಸುವ ಕೆಲಸ, ಮಾಡುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್. ಆಮೇಲೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು, ಮೊಳೆ ಬೇಡದ ಆಫ್‌ಸೆಟ್ ಅಚ್ಚು ಬಂತು. ಮೊಳೆಗಳೆಲ್ಲ ಸೀಸದ ಲೆಕ್ಕದಲ್ಲಿ ತೂಕಕ್ಕೆ ಹೋದವು.

ಈಗ ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇಲ್ಲಿ ಸೆಂಟರ್ ಫಾರ್ ದ ಬುಕ್ ಅಂತ ಒಂದು ಸಂಸ್ಥೆ ಇದೆ, 1996ರಲ್ಲಿ ಶುರುವಾದದ್ದು. ನ್ಯೂಯಾರ್ಕಿನ ಸೆಂಟರ್ ಫಾರ್ ಬುಕ್ ಆರ್ಟ್ಸ್ ಇನ್ನೂ ಹಳೆಯದು, 1974ರದ್ದು. ಎರಡೂ ಲಾಭಕ್ಕಾಗಿ ನಡೆಯುವಂಥವಲ್ಲ. ಫೀಸು ಕಟ್ಟಿದರೆ ಯಾರು ಬೇಕಾದರೂ ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ಕಲಿಯಬಹುದು. ಅಚ್ಚು ಹಾಕುವ ಅಷ್ಟು ಭಾರದ ಮೆಷಿನ್ನನ್ನು ಯಾರಿಗೆ ತಾನೇ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆ? ಹತ್ತಾರು ಜನ ಹಂಚಿಕೊಂಡು ಬಳಸಿದರೆ ಅದು ಓಡುತ್ತಲೇ ಇರುತ್ತದೆ.

ಮೊಳೆ ಜೋಡಿಸುವಾಗ ಎಡಗೈಯಲ್ಲಿ ಸ್ಟಿಕ್, ಅಂದರೆ ಸಾಲು ಕೂರಿಸುವ ಪುಟ್ಟ ಲೋಹದ ತಟ್ಟೆ. ಅಕ್ಷರಗಳು ತಲೆಕೆಳಗಾಗಿ ಎಡದಿಂದ ಬಲಕ್ಕೆ ಕೂರುತ್ತವೆ. ಮೊಳೆಯ ಮೈಯಲ್ಲಿರುವ ಕಚ್ಚು ಮೇಲಕ್ಕೇ ಇರಬೇಕು. ಅದನ್ನು ಹೆಬ್ಬೆರಳು ನೋಡಿಕೊಳ್ಳುತ್ತದೆ, ಕಣ್ಣು ಬೇಕಿಲ್ಲ. ಸಾಲಿನ ಕೊನೆಗೆ ಕೂದಲೆಳೆಯಷ್ಟು ಜಾಗ ಉಳಿದರೂ ತೆಳ್ಳನೆಯ ಹಿತ್ತಾಳೆ ತುಣುಕು ತುರುಕಬೇಕು, ಇಲ್ಲದಿದ್ದರೆ ಎತ್ತುವಾಗ ಸಾಲು ಉದುರುತ್ತದೆ. ಇದು ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ. ಪಕ್ಕದಲ್ಲಿ ನಿಂತು ಯಾರಾದರೂ ಹೇಳಿಕೊಡಬೇಕು.

ಅಚ್ಚು ಹಾಕುವುದು ವ್ಯಾಂಡರ್‌ಕುಕ್‌ನಲ್ಲಿ. ಶಿಕಾಗೋದಲ್ಲಿ ತಯಾರಾದ, ಪ್ರೂಫ್ (ತಪ್ಪು ನೋಡಲು ಮೊದಲು ತೆಗೆಯುವ ಪ್ರತಿ) ತೆಗೆಯಲೆಂದೇ ಇದ್ದ ಮೆಷಿನ್ನು. ಹೊಸಬರಿಗೆ ಕಾಗದದಲ್ಲಿ ಅಕ್ಷರ ಹಳ್ಳ ಬೀಳುವಷ್ಟು ಒತ್ತುವ ಆಸೆ. ನನಗೆ ಅದು ಇಷ್ಟವಿಲ್ಲ. ಹಾಗೆ ಒತ್ತಿದರೆ ಮೊಳೆ ಸವೆಯುತ್ತದೆ, ಹಿಂದಿನ ಪುಟದಲ್ಲಿ ಉಬ್ಬು ಕಾಣುತ್ತದೆ. ಮಸಿ ಮಾತ್ರ ಕಾಗದಕ್ಕೆ ಅಂಟಬೇಕು, ಅಷ್ಟೇ.

ಒಂದೇ ಕೊರಗು, ಅಲ್ಲಿ ಜೋಡಿಸಲು ನನಗೆ ಕನ್ನಡದ ಮೊಳೆ ಸಿಗುವುದಿಲ್ಲ. ಕಂಪ್ಯೂಟರ್ ಫೈಲಿನಿಂದ ಫೋಟೊಪಾಲಿಮರ್ ಪ್ಲೇಟ್ (ಇಡೀ ಪುಟದ ಅಕ್ಷರಗಳು ಉಬ್ಬಿರುವ ಪ್ಲಾಸ್ಟಿಕ್ ಹಾಳೆ) ಮಾಡಿಸಿ ಕನ್ನಡವನ್ನೂ ಅಚ್ಚು ಹಾಕಬಹುದು, ಚೆನ್ನಾಗಿಯೂ ಬರುತ್ತದೆ. ಆದರೆ ಗುಣಿತ, ಒತ್ತು ಹುಡುಕಿ ಹುಡುಕಿ ಜೋಡಿಸುವ ಕೆಲಸ ಅದರಲ್ಲಿ ಎಲ್ಲಿದೆ? ಇಂಗ್ಲಿಷಿಗೆ 89 ಮನೆಗಳ ಒಂದು ಕೇಸು, ಅಂದರೆ ಮೊಳೆ ವಿಂಗಡಿಸಿಡುವ ಟ್ರೇ, ಸಾಕು. ನಮ್ಮ ಲಿಪಿಗೆ ಅಷ್ಟು ಸಾಲದು. ಆದರೂ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. 1,700ಕ್ಕೂ ಜಾಸ್ತಿ ಪುಟ! ಆ ಕಂಪೋಸಿಟರುಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮೊಳೆ ಜೋಡಿಸಿ ಗೊತ್ತಿರುವ ಹಿರಿಯರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಧಾರವಾಡದಲ್ಲೋ ಮೈಸೂರಲ್ಲೋ ಒಂದು ಕೋಣೆ, ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮೆಷಿನ್ನು, ನಾಲ್ಕು ಕೇಸು ಮೊಳೆ ಇದ್ದರೆ ಶುರು ಮಾಡಬಹುದು. ಅವರೇ ಮೇಷ್ಟ್ರಾಗಲಿ. ಅವರಿಗೆ ಗೌರವಧನ ಕೊಡೋಣ, ನನ್ನ ಪಾಲು ನಾನು ಹಾಕುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೋ ಮುಚ್ಚಿದ ಪ್ರೆಸ್ಸಿನಲ್ಲೋ ಕನ್ನಡ ಮೊಳೆ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ನನಗೊಂದು ಮಾತು ತಿಳಿಸಿ.