ವಿಶಲ್ ತೆಗೆದಿಟ್ಟ ಕುಕ್ಕರ್

ಮೂರು ಕೂಗು ಕೂಗಿಸಿ ಬೇಳೆ ಬೇಯಿಸುವ ಕುಕ್ಕರಿನ ವಿಶಲ್ ಕಿತ್ತಿಟ್ಟು, ರಬ್ಬರ್ ಬಿಚ್ಚಿಟ್ಟು, ಒಳಗೆ ಒಂದು ಹನಿ ನೀರೂ ಹಾಕದೆ ಅರ್ಧ ಕೆಜಿ ಉಪ್ಪು ಸುರಿದು ಕೇಕಿಗೆಂದು ಒಲೆ ಹಚ್ಚಿದರೆ ಮನೆಯ ಅಜ್ಜಿ ಸುಮ್ಮನಿರುತ್ತಾರೆಯೆ? ‘ಕುಕ್ಕರ್‌ಗೇ ಉಪ್ಪಿನಕಾಯಿ ಹಾಕ್ತಿದ್ದೀರೇನ್ರೇ?’ ಎಂಬ ಪ್ರಶ್ನೆ ಮೈಸೂರಿನ ಕುವೆಂಪುನಗರದಿಂದ ಹಿಡಿದು ಮಂಡ್ಯದ ಗುತ್ತಲಿನವರೆಗೆ ಎಷ್ಟು ಅಡುಗೆಮನೆಗಳಲ್ಲಿ ಎದ್ದಿತ್ತೋ, ಲೆಕ್ಕ ಇಟ್ಟವರಿಲ್ಲ.

2020ರಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ, ಸರಿಯಾಗಿ ಯುಗಾದಿ ದಿನ. ಬೇವಿಗೆ ಬೀದಿಯ ಮರ ಇತ್ತು, ಬೆಲ್ಲ ಮನೆಯಲ್ಲಿತ್ತು, ಹಬ್ಬ ಹೇಗೋ ದಾಟಿತು. ಬೇಕರಿಯ ಕೇಕು ಸಿಗದ ಹುಟ್ಟುಹಬ್ಬಗಳ ಪಾಡೇ ಬೇರೆ. ಅವಕ್ಕೆ ಪಂಚಾಂಗವೂ ಗೊತ್ತಿಲ್ಲ, ಜಿಲ್ಲಾಡಳಿತದ ಆದೇಶವೂ ಗೊತ್ತಿಲ್ಲ, ಬರುವ ದಿನ ಬಂದೇ ಬಿಡುತ್ತವೆ. ‘ಎಣ್ಣೆನೀರು ಹಾಕಿ, ಆರತಿ ಎತ್ತಿ, ಗಸಗಸೆ ಪಾಯಸ ಮಾಡಿದ್ರೆ ಆಯ್ತಪ್ಪ’ ಎಂದು ಹಿರಿಯರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಐದು ವರ್ಷದ ಕೂಸಿಗೆ ಪಾಯಸ ಕತ್ತರಿಸಿ ತೋರಿಸುವುದು ಹೇಗೆ? ಅದಲ್ಲದೆ ಗಸಗಸೆ ಪಾಯಸ ಕುಡಿದ ಮನೆ ಮಧ್ಯಾಹ್ನ ಎರಡಕ್ಕೆ ಮಲಗಿದರೆ ಸಂಜೆಯ ವಿಡಿಯೊ ಕಾಲಿಗೆ ಏಳುವ ಭರವಸೆಯೂ ಇಲ್ಲ.

ಹಾಗಾಗಿ ಕೇಕು ಕುಕ್ಕರಿಗೆ ಬಂತು. ಬೇಕರಿಯ ಓವನ್ ಮಾಡುವ ಕೆಲಸ ಇಷ್ಟೇ, ಸುತ್ತಲೂ ಒಣ ಬಿಸಿ ಕೊಡುವುದು. ಕುಕ್ಕರಿನ ಕೆಲಸ ಅದಕ್ಕೆ ತದ್ವಿರುದ್ಧ, ಹಬೆ ಹಿಡಿದಿಟ್ಟು ಒತ್ತಡ ಕೊಡುವುದು. ಅದರ ಜಾತಿಯನ್ನೇ ಬದಲಿಸಬೇಕಾದರೆ ಮೊದಲು ವಿಶಲ್ ಹೋಗಬೇಕು, ಹಬೆ ನಿಲ್ಲಬಾರದು. ಆಮೇಲೆ ರಬ್ಬರ್ ಹೋಗಬೇಕು, ಒಣ ಬಿಸಿಗೆ ಅದು ಗಟ್ಟಿಯಾಗಿ ಸೀಳುತ್ತದೆ. ಮುಚ್ಚಳದ ಸೇಫ್ಟಿ ವಾಲ್ವ್ ಅತಿ ಬಿಸಿಯಾದರೆ ಕರಗಿ ದಾರಿ ಬಿಡಲೆಂದೇ ಮಾಡಿದ್ದು, ಅದಕ್ಕೂ ಈ ಆಟ ಒಗ್ಗುವುದಿಲ್ಲ. ನಿಜ ಹೇಳಬೇಕೆಂದರೆ ಕುಕ್ಕರಿಗಿಂತ ದಪ್ಪ ತಳದ ಹಳೇ ಪಾತ್ರೆ, ಅದರ ಮೇಲೊಂದು ಭಾರದ ತಟ್ಟೆಯೇ ವಾಸಿ. ಆದರೆ ಎಲ್ಲರೂ ನೋಡಿದ ವಿಡಿಯೊದಲ್ಲಿ ಕುಕ್ಕರ್ ಇತ್ತು, ಆದ್ದರಿಂದ ಕುಕ್ಕರ್ರೇ ಆಯಿತು.

ತಳಕ್ಕೆ ಅರ್ಧ ಅಂಗುಲ ಉಪ್ಪು ಯಾಕೆಂದರೆ, ಉರಿ ಒಂದೇ ಕಡೆ ಹೊಡೆಯದೆ ಹರಡಿಕೊಳ್ಳಲಿ ಅಂತ. ಕಲ್ಲುಪ್ಪು ಹಾಕಿದವರು ಐದು ನಿಮಿಷಕ್ಕೆ ದೀಪಾವಳಿ ಮಾಡಿದರು. ಹರಳೊಳಗೆ ಸಿಕ್ಕಿಕೊಂಡ ನೀರು ಬಿಸಿಗೆ ಉಬ್ಬಿ ಚಟಪಟ ಸಿಡಿಯುತ್ತದೆ. ಪುಡಿ ಉಪ್ಪು ಅಷ್ಟು ಸದ್ದು ಮಾಡುವುದಿಲ್ಲ. ಮರಳಾದರೂ ನಡೆಯುತ್ತದೆ, ಚೆನ್ನಾಗಿ ತೊಳೆದು ಒಣಗಿಸಿದ್ದಾದರೆ. ಉಪ್ಪಿನ ಮೇಲೆ ಒಂದು ಸ್ಟ್ಯಾಂಡು, ಮುಚ್ಚಳ ಹಾಕಿ ನಡುಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಓವನ್ ತಯಾರು. ಕೇಕಿನ ಟಿನ್ ಇಲ್ಲದವರು ಅನ್ನಕ್ಕಿಡುವ ಕುಕ್ಕರ್ ಡಬ್ಬಿಯನ್ನೇ ತೆಗೆದುಕೊಂಡರು. ಅದು ಜಾಣತನ, ಸುತ್ತ ಒಂದು ಬೆರಳು ಜಾಗ ತಾನಾಗಿಯೇ ಉಳಿಯುತ್ತದೆ.

ಮೊಟ್ಟೆಯಿಲ್ಲದ ಲೆಕ್ಕ ಹೀಗೆ: ಒಂದೂವರೆ ಲೋಟ ಮೈದಾ, ಮುಕ್ಕಾಲು ಲೋಟ ಪುಡಿ ಮಾಡಿದ ಸಕ್ಕರೆ, ಒಂದು ಲೋಟ ಗಟ್ಟಿ ಮೊಸರು, ಅರ್ಧ ಲೋಟ ವಾಸನೆಯಿಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಮೊಸರು ಸಕ್ಕರೆ ಕಲಸಿ, ಅದಕ್ಕೆ ಸೋಡಾ, ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. ನೊರೆ ಬರಲಿಲ್ಲವೆಂದರೆ ಸೋಡಾ ಹಳೆಯದು, ಮುಂದಕ್ಕೆ ಹೋಗದಿರುವುದೇ ಲೇಸು. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ, ಮೂರು ಸಲ. ಡಬ್ಬಿ ಅರ್ಧಕ್ಕಿಂತ ತುಸು ಮೇಲೆ ತುಂಬಿದರೆ ಸಾಕು.

ಎಡವಟ್ಟು ಆಗುವುದು ಇಲ್ಲಿಯೇ. ದೋಸೆ ಹಿಟ್ಟು ಕಲಸಿ ಪಳಗಿದ ಕೈ ಮೈದಾ ಕಂಡರೂ ನಿಲ್ಲುವುದಿಲ್ಲ, ತಿರುವುತ್ತಲೇ ಇರುತ್ತದೆ. ಮೈದಾ ತಿರುವಿದಷ್ಟೂ ಜಿಗುಟು, ಬೆಂದ ಮೇಲೆ ರಬ್ಬರು. (ಕುಕ್ಕರಿನ ರಬ್ಬರ್ ತೆಗೆದಿಟ್ಟದ್ದಕ್ಕೆ ಇದು ಬದಲಿ ಎಂದುಕೊಳ್ಳಬಹುದು.) ಸೋಡಾ ಜಾಸ್ತಿಯಾದರೆ ಸೋಪಿನ ರುಚಿ. ಬೇಕಿಂಗ್ ಪೌಡರ್ ಸಿಗದೆ ಈನೊ ಪೊಟ್ಟಣ ಒಡೆದವರು ಅದನ್ನು ಕಟ್ಟಕಡೆಗೆ ಹಾಕಿ, ಎರಡೇ ಸುತ್ತು ತಿರುವಿ, ಆ ಕ್ಷಣವೇ ಡಬ್ಬಿಗೆ ಸುರಿಯಬೇಕಿತ್ತು. ಅಷ್ಟರಲ್ಲಿ ಫೋನ್ ಬಂದು ಹತ್ತು ನಿಮಿಷ ಮಾತಾಡಿದರೆ ಗಾಳಿಯೆಲ್ಲ ಹೋಗಿ, ಒಲೆಗೆ ಏರುವುದು ಬರೀ ಸಿಹಿ ಹಿಟ್ಟು.

ಎಲ್ಲಕ್ಕಿಂತ ಚೆಂದದ ಎಡವಟ್ಟು ಅರಿಸಿನದ್ದು. ಹಳದಿ ಬಣ್ಣ ಬರಲೆಂದು ಚಿಟಿಕೆ ಅರಿಸಿನ ಹಾಕಿದ್ದೋ, ಸಾಂಬಾರ ಡಬ್ಬಿಯ ಚಮಚದಲ್ಲೇ ಸೋಡಾ ಅಳೆದದ್ದೋ, ಅಂತೂ ಕೇಕಿನಲ್ಲಿ ಅಲ್ಲಲ್ಲಿ ಇಟ್ಟಿಗೆ ಕೆಂಪಿನ ಮಚ್ಚೆ. ಮಕ್ಕಳು ಗಾಬರಿ. ಅಜ್ಜಿಗೆ ಮಾತ್ರ ಇದರಲ್ಲಿ ಹೊಸತೇನೂ ಇಲ್ಲ. ಆರತಿ ತಟ್ಟೆಯ ನೀರಿಗೆ ಅರಿಸಿನ ಕದಡಿ, ಬೆರಳ ತುದಿಯಷ್ಟು ಸುಣ್ಣ ಹಾಕಿದರೆ ಓಕುಳಿ ಕೆಂಪಾಗುವುದು ಇದೇ ಕಾರಣಕ್ಕೆ. ಸುಣ್ಣವೂ ಕ್ಷಾರ, ಸೋಡಾವೂ ಕ್ಷಾರ. ಆರತಿ ಎತ್ತಬೇಕಾದ ಓಕುಳಿ ಕೇಕಿನೊಳಗೇ ಆಗಿತ್ತು, ಅಷ್ಟೆ.

ಸಣ್ಣ ಉರಿಯಲ್ಲಿ ನಲವತ್ತರಿಂದ ನಲವತ್ತೈದು ನಿಮಿಷ. ಅರ್ಧ ಗಂಟೆಯೊಳಗೆ ಮುಚ್ಚಳ ತೆಗೆದು ಇಣುಕಿದರೆ ಉಬ್ಬಿದ್ದು ಕುಸಿದು ನಡುವೆ ಕೆರೆಯಾಗುತ್ತದೆ. ಬೆಂದಿದೆಯೋ ನೋಡಲು ಟೂತ್‌ಪಿಕ್ ಎಲ್ಲರ ಮನೆಯಲ್ಲಿರುವುದಿಲ್ಲ, ಹೊಸ ಪೊರಕೆಯಿಂದ ಮುರಿದು ತೊಳೆದ ತೆಂಗಿನ ಕಡ್ಡಿ ಸಾಕು. ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು. ಬಿಸಿ ಕೆಳಗಿನಿಂದ ಬರುವುದರಿಂದ ತಳ ಕೆಂಪಗೆ, ಮೇಲ್ಭಾಗ ಜ್ವರ ಬಂದವರ ಮುಖದಂತೆ ಬಿಳಿಚಿಕೊಂಡಿರುತ್ತದೆ. ಆರಿದ ಮೇಲೆ ಮಗುಚಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮಂಡ್ಯದವರು ಸಕ್ಕರೆಯ ಬದಲು ಬೆಲ್ಲ ಹಾಕಿ ಈ ಸಮಸ್ಯೆಯನ್ನೇ ಇಲ್ಲವಾಗಿಸಿದರು. ಬೆಲ್ಲದ ಕೇಕು ಎಲ್ಲ ಕಡೆಯೂ ಕಂದು, ತಳ ಸೀದಿದ್ದರೂ ಗುಟ್ಟು ಉಳಿಯುತ್ತದೆ. ಬೆಲ್ಲ ಕರಗಿಸಿ ಸೋಸಿಕೊಳ್ಳದಿದ್ದರೆ ಮಾತ್ರ ಹಲ್ಲಿಗೆ ಮರಳು.

ಇನ್ನು ಮೇಲಿನ ಬರಹ. ನಂದಿನಿ ಹಾಲಿನ ಕವರ್ ತೊಳೆದು ಒಣಗಿಸಿ, ಬೆಣ್ಣೆ ಸಕ್ಕರೆ ನುರಿದು ತುಂಬಿ, ಮೂಲೆಯನ್ನು ಅಕ್ಕಿ ಕಾಳಿನಷ್ಟು ಕತ್ತರಿಸಿದರೆ ಮದರಂಗಿ ಕೋನಿನ ಹಾಗೆಯೇ ಕೆಲಸ ಮಾಡುತ್ತದೆ. ಏಪ್ರಿಲ್ ಸೆಕೆಗೆ ಬೆಣ್ಣೆ ಕೈಬಿಸಿಗೇ ಕರಗುತ್ತದೆ, ನಡುನಡುವೆ ಐದು ನಿಮಿಷ ಫ್ರಿಜ್ಜಿಗೆ ಇಟ್ಟು ತೆಗೆಯಬೇಕು. ಕೇಕು ಪೂರ್ತಿ ಆರಿರಬೇಕು, ಇಲ್ಲದಿದ್ದರೆ ಬರೆದದ್ದು ತುಪ್ಪ. ‘ಹುಟ್ಟುಹಬ್ಬದ ಶುಭಾಶಯಗಳು’ ಎಂದರೆ ಹನ್ನೊಂದು ಅಕ್ಷರ, ಎರಡು ಒತ್ತು. ಏಳು ಅಂಗುಲದ ಕೇಕಿನಲ್ಲಿ ‘ಹುಟ್ಟುಹ’ ಮುಗಿಯುವಷ್ಟರಲ್ಲಿ ಅಂಚು ಬಂದಿರುತ್ತದೆ. ಕನ್ನಡಾಭಿಮಾನ ಎಷ್ಟೇ ಇದ್ದರೂ ಬರೀ ಹೆಸರು ಬರೆದು ಸುಮ್ಮನಾಗುವುದು ಕ್ಷೇಮ.

ಮೇಣದಬತ್ತಿಗೆ ತೊಂದರೆ ಇರಲಿಲ್ಲ. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿದ್ದರಲ್ಲ, ಅದರಲ್ಲಿ ಉಳಿದದ್ದು ಇತ್ತು. ಕರೆಂಟು ಹೋದಾಗಿನ ದಪ್ಪ ಬತ್ತಿ ಚುಚ್ಚಿದರೆ ಮೆತ್ತನೆ ಕೇಕು ಸೀಳಿಕೊಳ್ಳುತ್ತದೆ, ಪಕ್ಕದಲ್ಲಿ ತಟ್ಟೆಯಲ್ಲಿ ನಿಲ್ಲಿಸಬೇಕು. ಊದಿ ಆರಿಸುವುದಂತೂ ಆ ಕಾಲಕ್ಕೆ ಯಾರಿಗೂ ಬೇಡವಾಗಿತ್ತು. ದೀಪ ‘ಆರಿಸು’ ಎಂಬ ಮಾತನ್ನೂ ಆಡದೆ ‘ಶಾಂತ ಮಾಡು’ ಎನ್ನುವ ಹಿರಿಯರು ಈ ಒಂದು ವಿಷಯದಲ್ಲಿ ವೈದ್ಯರ ಜೊತೆ ಒಮ್ಮತಕ್ಕೆ ಬಂದರು.

ನೆಂಟರೆಲ್ಲ ಫೋನಿನಲ್ಲಿ. ವಾಟ್ಸಾಪ್ ವಿಡಿಯೊದಲ್ಲಿ ಆಗ ನಾಲ್ಕೇ ಜನಕ್ಕೆ ಜಾಗ, ಎಂಟಾದದ್ದು ಏಪ್ರಿಲ್ ಕೊನೆಗೆ. ಹುಟ್ಟುಹಬ್ಬದ ಮನೆಯದೊಂದು ಹೋದರೆ ಉಳಿದದ್ದು ಮೂರು. ಅಜ್ಜಿ ಮನೆ, ಸೋದರಮಾವ, ಸೋದರತ್ತೆ ಎಂದರೆ ಚಿಕ್ಕಪ್ಪನಿಗೆ ಮುನಿಸು. ಜೂಮಿನಲ್ಲಿ ನೂರು ಜನ ಸೇರಿದರೂ ಸರಿ, ಬಿಟ್ಟಿ ಕಾಲು ನಲವತ್ತು ನಿಮಿಷಕ್ಕೆ ಕಡಿಯುತ್ತದೆ. ಅದರಲ್ಲಿ ಇಪ್ಪತ್ತು ‘ಕೇಳಿಸ್ತಿದ್ಯಾ?’ಗೆ, ಹತ್ತು ‘ಸರ್ಯಾಗಿ ಹಿಡ್ಕೊಳ್ಳಿ ಅಜ್ಜಿ, ಫ್ಯಾನ್ ಕಾಣ್ತಿದೆ’ಗೆ. ಎಲ್ಲರೂ ಒಟ್ಟಿಗೆ ಹಾಡಲು ಹೊರಟರೆ ಒಬ್ಬೊಬ್ಬರ ದನಿ ಒಂದೊಂದು ಗಳಿಗೆ ತಡವಾಗಿ ಬಂದು ಸಂತೆಯಾಗುತ್ತದೆ. ಒಬ್ಬರು ಹಾಡಿ, ಉಳಿದವರು ಮ್ಯೂಟ್ ಮಾಡಿ ಬಾಯಾಡಿಸಬೇಕು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಕಿಟಕಿ ಮಗುವಿನ ಹಿಂದಲ್ಲ, ಮುಂದಿರುವಂತೆ ಕೂರಿಸಿದರೆ ಮುಖ ಕಾಣುತ್ತದೆ. ಆರತಿ ತಟ್ಟೆ ಕ್ಯಾಮೆರಾಕ್ಕೆ ಹತ್ತಿರ ಬಂತೋ, ಅದು ಬೆಳಕಿಗೆ ಬೆದರಿ ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಆಕಡೆಯವರಿಗೆ ಎರಡು ಬತ್ತಿ ಮಾತ್ರ ಕಾಣುತ್ತವೆ, ಕೂಸು ಎಲ್ಲಿ ಎಂದು ಹುಡುಕುತ್ತಾರೆ.

ನಾಮಕರಣಕ್ಕೂ ಫೋನೇ ಕೂಸಿನ ಕಿವಿಯ ಬಳಿ ಹೋಯಿತು. ಸ್ಪೀಕರ್ ದನಿ ತಗ್ಗಿಸಿ ಒಂದು ಗೇಣು ದೂರ ಹಿಡಿಯದಿದ್ದರೆ ಅಜ್ಜನ ಪಿಸುಮಾತು ಮೈಕಾಸುರನ ಕೂಗಾಗುತ್ತದೆ. ಮದುವೆಗೆ ಐವತ್ತು ಜನ ಎಂಬ ನಿಯಮ ಬಂದಾಗ ಮಂಡ್ಯ ಕಡೆಯವರು ನಕ್ಕಿದ್ದು ನ್ಯಾಯವೇ. ಬೀಗರೂಟಕ್ಕೆ ಬಡಿಸಲು ನಿಲ್ಲುವವರೇ ಅಷ್ಟಿರುತ್ತಾರೆ!

ಕೇಕು ಖಾಲಿಯಾದ ಮೇಲೆ ಉಪ್ಪಿನ ಕಥೆ. ಮುಂದಿನ ಕೇಕಿಗೆ ಅದೇ ನಡೆಯುತ್ತದೆ, ಸಾರಿಗೆ ಬೇಡ. ಆರಿದ ಕೂಡಲೇ ತೆಗೆದು ಬೇರೆ ಡಬ್ಬಿಗೆ ಹಾಕಿ ‘ಕೇಕ್ ಉಪ್ಪು’ ಎಂದು ಚೀಟಿ ಅಂಟಿಸಬೇಕು. ರಾತ್ರಿಯಿಡೀ ಅಲ್ಯೂಮಿನಿಯಂ ಕುಕ್ಕರಿನಲ್ಲೇ ಬಿಟ್ಟರೆ ಗಾಳಿಯ ಪಸೆ ಹೀರಿ ತಳವನ್ನು ತಿನ್ನತೊಡಗುತ್ತದೆ. ಬೆಳಗ್ಗೆ ಕುಕ್ಕರ್ ತೊಳೆದು, ರಬ್ಬರ್ ಹಾಕಿ, ಬೇಳೆ ಇಟ್ಟು ಮುಚ್ಚಳ ತಿರುಗಿಸಿದರೆ ಹಬೆ ಸುರ್ರೆಂದು ಏಳುತ್ತದೆ, ಕೂಗು ಬರುವುದಿಲ್ಲ. ವಿಶಲ್ ಎಲ್ಲಿ? ಕಳೆಯಬಾರದೆಂದು ನಿನ್ನೆ ಜೋಪಾನವಾಗಿ ಎತ್ತಿಟ್ಟದ್ದು. ಚಮಚದ ಸ್ಟ್ಯಾಂಡಿನಲ್ಲಿಲ್ಲ, ಕಿಟಕಿಯ ಮೇಲಿಲ್ಲ. ಕೊನೆಗೆ ಸಿಗುವುದು ಕೂಸಿನ ಆಟದ ಬುಟ್ಟಿಯಲ್ಲಿ, ಬೊಂಬೆಯ ತಲೆಯ ಮೇಲೆ ಕಿರೀಟವಾಗಿ.