ಕರಡಿ ಬಿಡಿ, ಜಿಪ್ಪು ನೋಡಿಕೊಳ್ಳಿ

ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ಸ್ಕೋರ್ಸ್‌ಬಿ ಸೌಂಡಿಗೆ ಸೆಪ್ಟೆಂಬರಿನಲ್ಲಿ ಹಡಗು ಹತ್ತುವವರನ್ನು ಮನೆಯವರು ಎರಡು ವಿಷಯಕ್ಕೆ ಹೆದರಿಸಿ ಕಳಿಸುತ್ತಾರೆ: ಒಂದು ಹಿಮಕರಡಿ, ಇನ್ನೊಂದು ಟೈಟಾನಿಕ್. ಕರಡಿಯನ್ನು ನೋಡಿಕೊಳ್ಳಲು ಬಂದೂಕು ಹಿಡಿದ ಗೈಡುಗಳಿದ್ದಾರೆ. ಹಿಮಬಂಡೆಯನ್ನು ನೋಡಿಕೊಳ್ಳಲು ರಾಡಾರಿದೆ, ಕ್ಯಾಪ್ಟನ್ ಇದ್ದಾರೆ. ಪ್ಯಾಂಟಿನ ಜಿಪ್ಪನ್ನು ನೋಡಿಕೊಳ್ಳಲು ಮಾತ್ರ ಯಾರೂ ಇಲ್ಲ. ಪ್ರವಾಸ ಕೆಡುವುದು ಅಲ್ಲಿಂದಲೇ.

ಜಾಗ ದೊಡ್ಡದು. ಫ್ಯೋರ್ಡ್ ಎಂದರೆ ಕಡಿದಾದ ಬೆಟ್ಟಗಳ ನಡುವೆ ನೆಲದೊಳಕ್ಕೆ ಚಾಚಿದ ಸಮುದ್ರದ ತೋಳು; ಜಗತ್ತಿನ ಅತಿ ದೊಡ್ಡ ಫ್ಯೋರ್ಡ್ ಜಾಲ ಇದೇ. ಸಮುದ್ರದ ಬಾಯಿಂದ ಒಳತುದಿಗೆ ಸುಮಾರು 350 ಕಿಲೋಮೀಟರ್. ಬೆಂಗಳೂರಿನಲ್ಲಿ ಒಳಹೊಕ್ಕು ಮಂಗಳೂರಿನಲ್ಲಿ ತುದಿ ಮುಟ್ಟಿದ ಹಾಗೆ. ನಡುವೆ ಹೋಟೆಲಿಲ್ಲ, ಶೌಚಾಲಯವೂ ಇಲ್ಲ (ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ). 1822ರಲ್ಲಿ ತಿಮಿಂಗಿಲ ಬೇಟೆಗೆ ಬಂದು ನಕ್ಷೆ ಬರೆದುಕೊಂಡು ಹೋದ ವಿಲಿಯಂ ಸ್ಕೋರ್ಸ್‌ಬಿಯ ಮನೆತನದ ಹೆಸರು ಇದಕ್ಕೆ ಉಳಿದಿದೆ. ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ಬಾಯಿಗೆ ಮಂಜುಗಡ್ಡೆಯ ಬೀಗ. ಜುಲೈ ಕೊನೆಗೆ ಬೀಗ ತೆಗೆದರೂ ತಿಳಿದವರು ಸೆಪ್ಟೆಂಬರಿಗೆ ಕಾಯುತ್ತಾರೆ. ಆಗ ಸೊಳ್ಳೆ ಸತ್ತಿರುತ್ತದೆ, ನೆಲವೆಲ್ಲ ಕೆಂಪಾಗಿರುತ್ತದೆ, ಬೇಸಿಗೆಯಲ್ಲಿ ನಾಪತ್ತೆಯಾಗಿದ್ದ ರಾತ್ರಿ ಮರಳಿ ಬಂದಿರುತ್ತದೆ. ಅದೂ ಎಂಥ ಅವಸರದಲ್ಲಿ! ಆ ಅಕ್ಷಾಂಶದಲ್ಲಿ ಸೆಪ್ಟೆಂಬರಿನ ಹಗಲು ದಿನಕ್ಕೆ ಸುಮಾರು ಒಂಬತ್ತು ನಿಮಿಷ ಸವೆಯುತ್ತದೆ.

ಮೊದಲ ಫಜೀತಿ ವೀಸಾದ್ದು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದೆ, ಷೆಂಗೆನ್‌ಗೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟಕ್ಕೆ) ಸೇರಿಲ್ಲ. ಐಸ್‌ಲ್ಯಾಂಡ್ ಷೆಂಗೆನ್‌ಗೆ ಸೇರಿದೆ, ಡೆನ್ಮಾರ್ಕಿಗೆ ಸೇರಿಲ್ಲ. ಬಹುಪಾಲು ಹಡಗುಗಳು ಐಸ್‌ಲ್ಯಾಂಡಿನಿಂದ ಹೊರಟು ಅಲ್ಲಿಗೇ ಮರಳುತ್ತವೆ. ಹಾಗಾಗಿ ಭಾರತದ ಪಾಸ್‌ಪೋರ್ಟಿನವರಿಗೆ ಗ್ರೀನ್‌ಲ್ಯಾಂಡಿಗೆ ಸಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆದ ಡೇನಿಷ್ ಅನುಮತಿಯೂ ಬೇಕು, ಒಂದಕ್ಕಿಂತ ಹೆಚ್ಚು ಸಲ ಒಳಬರಬಹುದಾದ ಷೆಂಗೆನ್ ವೀಸಾವೂ ಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೊರಟವರದು ಅಭಿಮನ್ಯುವಿನ ಕೇಸು.

ಇನ್ನು ಐಸ್‌ಲ್ಯಾಂಡಿಗೂ ಗ್ರೀನ್‌ಲ್ಯಾಂಡಿಗೂ ನಡುವಿನ ಡೆನ್ಮಾರ್ಕ್ ಜಲಸಂಧಿ. ಸುಮಾರು ಒಂದು ದಿನದ ದಾರಿ. ಆಗುಂಬೆ ಘಾಟಿಯನ್ನು ನಿಂಬೆಹಣ್ಣು ಮೂಸಿಯೇ ಗೆದ್ದವರು ಇಲ್ಲಿ ಹಣ್ಣಿನ ಸಮೇತ ಸೋಲುತ್ತಾರೆ. ಘಾಟಿಯಲ್ಲಿ ತಿರುವು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಕ್ಯಾಬಿನ್ನಿನಲ್ಲಿ ಗೋಡೆ ಅಲುಗುತ್ತಿಲ್ಲ ಅನ್ನುತ್ತದೆ ಕಣ್ಣು, ಅಲುಗುತ್ತಿದೆ ಅನ್ನುತ್ತದೆ ಒಳಗಿವಿ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಮಾತ್ರೆಯನ್ನು ಹಡಗು ತೂಗುವ ಮುಂಚೆಯೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದೇ ಇಲ್ಲ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯನ್ನು ನಾಲ್ಕು ಗಂಟೆ ಮೊದಲೇ ಅಂಟಿಸಿ ಕೈ ತೊಳೆದುಕೊಳ್ಳಬೇಕು. ತೊಳೆಯದೆ ಕಣ್ಣುಜ್ಜಿಕೊಂಡರೆ ಆ ಕಣ್ಣಿನ ಪಾಪೆ ಅಗಲವಾಗಿ, ಲೋಕವೆಲ್ಲ ಮಬ್ಬಾಗಿ, ಹಡಗಿನ ಡಾಕ್ಟರು ಇದೇನು ಪಾರ್ಶ್ವವಾಯುವೋ ಎಂದು ಟಾರ್ಚ್ ಹಿಡಿದು ಓಡಿಬರುತ್ತಾರೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಊರಿನ ವೈದ್ಯರನ್ನು ಕೇಳದೆ ಆ ಪಟ್ಟಿಯ ಸಹವಾಸಕ್ಕೆ ಹೋಗಬಾರದು. ಉಳಿದಂತೆ ಹಡಗಿನ ನಡುಭಾಗದ ಕೆಳಗಿನ ಕ್ಯಾಬಿನ್ ಕಡಿಮೆ ತೂಗುತ್ತದೆ, ಬೆಲೆಯೂ ಕಡಿಮೆ; ಹೆಚ್ಚು ದುಡ್ಡು ಕೊಟ್ಟು ಮೇಲಿನ ಅಂತಸ್ತು ಹಿಡಿದವರೇ ಹೆಚ್ಚು ತೂಗಾಡುತ್ತಾರೆ. ಮತ್ತೆ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಹರಟಬೇಡಿ. ಹಡಗಿನ ಬಾಗಿಲು ಭಾರ, ಅಲೆ ಬಂದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ, ಬೆರಳಿನ ಮೇಲೆ ಅದಕ್ಕೆ ಮಮತೆಯಿಲ್ಲ.

ಫ್ಯೋರ್ಡಿನೊಳಗೆ ಬಂದರೆ ನೀರು ಸಾಮಾನ್ಯವಾಗಿ ಕೊಳದಂತೆ ಶಾಂತ. ಎದ್ದು ಬಂದವರನ್ನು ವ್ಯಾಕ್ಯೂಮ್ ಕ್ಲೀನರ್ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಹೊರಗಿನ ಬೀಜ, ಮಣ್ಣು ಆ ನೆಲಕ್ಕೆ ಸೇರಬಾರದು. ಜೇಬಿನ ಮೂಲೆ, ಬೂಟಿನ ಅಟ್ಟೆ, ಬ್ಯಾಗಿನ ತಳ, ಎಲ್ಲಕ್ಕಿಂತ ಮುಖ್ಯವಾಗಿ ವೆಲ್ಕ್ರೋ. ಕುದುರೆಮುಖ ಚಾರಣಕ್ಕೆ ಹಾಕಿಕೊಂಡಿದ್ದ ಜಾಕೆಟ್ಟನ್ನೇ ತಂದವರ ವೆಲ್ಕ್ರೋದಿಂದ ಉತ್ತರಾಣಿ ಬೀಜಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೀಳುವ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಊರಲ್ಲೇ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ತಂದರೆ ಮಾನ ಉಳಿಯುತ್ತದೆ. ಚಟ್ನಿಪುಡಿ ಡಬ್ಬಿ ಊಟದ ಮೇಜಿಗಷ್ಟೇ. ದಡಕ್ಕೆ ನೀರಿನ ಬಾಟಲಿ ಬಿಟ್ಟು ತಿನ್ನುವ ಯಾವುದನ್ನೂ ಒಯ್ಯುವಂತಿಲ್ಲ.

ಈಗ ಉಡುಪು. ಜಿಪ್ಪಿನ ಪ್ರಕರಣ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಮೈಗೆ ತಾಗುವ ಪದರ ಉಣ್ಣೆಯದೋ ಸಿಂಥೆಟಿಕ್ಕೋ ಇರಬೇಕು. ನಮ್ಮ ನೆಚ್ಚಿನ ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿ, ಗಾಳಿ ಬೀಸಿದಾಗ ಬೆನ್ನಿಗೆ ತಣ್ಣೀರುಬಟ್ಟೆ ಹಾಕಿದ ಹಾಗೆ ಕೂರುತ್ತದೆ. ಅದರ ಮೇಲೆ ಮೆತ್ತನೆ ಬೆಚ್ಚನೆ ಫ್ಲೀಸ್ ಬಟ್ಟೆ, ಅದರ ಮೇಲೆ ನೀರು ಒಳಬಿಡದ ಪ್ಯಾಂಟು, ಕೊನೆಗೆ ದಪ್ಪ ಜಾಕೆಟ್. ಕಾಲಿಗೆ ತೆಳು ಸಾಕ್ಸ್ ಮೇಲೊಂದು ಉಣ್ಣೆ ಸಾಕ್ಸ್, ಮೊಣಕಾಲವರೆಗಿನ ಗಮ್‌ಬೂಟು. ಕಾಫಿ ತೋಟದ ಗಮ್‌ಬೂಟು ಕಂಡವರಿಗೆ ಇದರ ಪರಿಚಯವಿದೆ, ಆದರೆ ತೋಟದಲ್ಲಿ ಪ್ಯಾಂಟನ್ನು ಬೂಟಿನೊಳಗೆ ತುರುಕಿ ಅಭ್ಯಾಸ. ಇಲ್ಲಿ ನೀರುತಡೆ ಪ್ಯಾಂಟು ಬೂಟಿನ ಹೊರಗೆ ಇಳಿಯಬೇಕು. ಒಳಗೆ ತುರುಕಿದರೆ ಅಲೆಯ ನೀರು ಪ್ಯಾಂಟಿನ ಮೇಲೆ ಜಾರಿ, ಮಳೆಗಾಲದ ಸೂರಿನ ನೀರು ಹಂಡೆಗೆ ಬಿದ್ದಂತೆ ಬೂಟು ತುಂಬುತ್ತದೆ. ಎರಡು ಜೊತೆ ಸಾಕ್ಸಿಗೆ ಬೂಟು ಬಿಗಿಯಾದರೆ ದೊಡ್ಡ ಬೂಟು ಕೇಳಿ ಪಡೆಯಿರಿ. ಬಿಗಿದ ಕಾಲಿಗೆ ರಕ್ತ ಸರಿಯಾಗಿ ಹರಿಯದೆ, ಸಾಕ್ಸ್ ಹೆಚ್ಚಾದಷ್ಟೂ ಚಳಿ ಹೆಚ್ಚಾಗುತ್ತದೆ.

ಉತ್ಸಾಹಿಗಳು ಬೆಳಗಿನ ಎಂಟಕ್ಕೇ ಇಷ್ಟನ್ನೂ ಏರಿಸಿ, ಮೇಲೊಂದು ಮಂಕಿಕ್ಯಾಪು ಎಳೆದು, 22 ಡಿಗ್ರಿಯ ಬೆಚ್ಚನೆ ಕಾರಿಡಾರಿನಲ್ಲಿ ಇಡ್ಲಿಯಂತೆ ಬೇಯುತ್ತ ನಿಲ್ಲುತ್ತಾರೆ. ಕರೆಯುವುದು ಮಾತ್ರ ಗುಂಪು ಗುಂಪಾಗಿ. ಅವರ ಗುಂಪು ಕೊನೆಯದು. ಜಾಕೆಟ್, ಟೋಪಿ ಹಾಕಬೇಕಾದದ್ದು ಗುಂಪಿನ ಹೆಸರು ಕೂಗಿದ ಮೇಲೆ. ಗ್ಲೌಸು ಎಲ್ಲಕ್ಕಿಂತ ಕೊನೆಗೆ, ಲೈಫ್ ಜಾಕೆಟ್ಟಿನ ಬಕಲು ಬಿಗಿದಾದ ಮೇಲೆ.

ಶೌಚಾಲಯ ಎಲ್ಲಕ್ಕಿಂತ ಮೊದಲು. ದಡದಲ್ಲಿ ಎರಡು ಮೂರು ಗಂಟೆ, ಮರವಿಲ್ಲ, ಪೊದೆ ಪಾದದ ಗಂಟಿನಷ್ಟು, ಇದ್ದರೂ ಅಲ್ಲಿ ಕೂರಲು ನಿಯಮ ಬಿಡದು. ದೇಹ ಬೇರೆ ಸಂಚು ಹೂಡುತ್ತದೆ: ಚಳಿಗೆ ಚರ್ಮದ ರಕ್ತನಾಳ ಸಂಕುಚಿಸಿ ರಕ್ತ ಒಳಕ್ಕೆ ಸರಿಯುತ್ತದೆ, ಒಳಗೆ ದ್ರವ ಹೆಚ್ಚಾಯಿತೆಂದು ಮೂತ್ರಪಿಂಡ ತಪ್ಪಾಗಿ ತಿಳಿದು ಹೊರಹಾಕಲು ತೊಡಗುತ್ತದೆ. ಅದರ ಮೇಲೆ ತಿಂಡಿಯ ಜೊತೆಗಿನ ಎರಡು ಕಪ್ ಕಾಫಿ. ಅರ್ಧ ಗಂಟೆಗೇ ಮುಖಭಾವ ಬದಲಾದವರನ್ನು ಗೈಡುಗಳು ದೂರದಿಂದಲೇ ಗುರುತಿಸುತ್ತಾರೆ. ಹೇಳಿದರೆ ದೋಣಿಯಲ್ಲಿ ಹಡಗಿಗೆ ವಾಪಸ್ ಬಿಡುತ್ತಾರೆ, ಬೈಯುವುದೂ ಇಲ್ಲ. ಆದರೆ ಹಡಗು ಮುಟ್ಟಿ, ಲೈಫ್ ಜಾಕೆಟ್ ಬಿಚ್ಚಿ, ಬೂಟು ತೊಳೆದು, ಕ್ಯಾಬಿನ್ನಿಗೆ ಓಡಿ, ಮರಗಟ್ಟಿದ ಬೆರಳಲ್ಲಿ ಮೂರು ಪದರದ ಮೂರು ಜಿಪ್ಪು ಹುಡುಕುವಾಗ ಮಧ್ಯದ ಜಿಪ್ಪು ಫ್ಲೀಸಿನ ಎಳೆ ಕಚ್ಚಿಕೊಳ್ಳುತ್ತದೆ. ಮುಂದಿನದನ್ನು ಬರೆಯುವುದು ಬೇಡ. ಜಿಪ್ಪಿಗೆ ಮೊದಲೇ ಮೇಣದಬತ್ತಿ ಉಜ್ಜಿ, ತುದಿಗೊಂದು ದಾರದ ಕುಣಿಕೆ ಕಟ್ಟಿಡಿ, ಅಷ್ಟೇ ಹೇಳಬಲ್ಲೆವು.

ದೋಣಿ ಎಂದರೆ ಝೋಡಿಯಾಕ್, ಗಾಳಿ ತುಂಬಿದ ರಬ್ಬರಿನದು, ಹತ್ತು ಹನ್ನೆರಡು ಜನಕ್ಕೆ. ಹತ್ತುವಾಗ ಸಿಬ್ಬಂದಿ ಕೈ ಚಾಚುತ್ತಾರೆ. ನಾವು ಶೇಕ್‌ಹ್ಯಾಂಡ್ ಕೊಡುತ್ತೇವೆ. ಕೊಡಬಾರದು. ಒದ್ದೆ ಗ್ಲೌಸು ಅವರ ಕೈಯಲ್ಲಿ ಉಳಿದು ನಾವು ಹಿಂದಕ್ಕೆ ಹೋಗುತ್ತೇವೆ. ಅವರ ಮುಂಗೈಯನ್ನು ನಾವು, ನಮ್ಮ ಮುಂಗೈಯನ್ನು ಅವರು ಹಿಡಿಯಬೇಕು, ಎರಡೂ ಕೈ ಖಾಲಿ ಇರಬೇಕು. ಹತ್ತಿದವರು ನಿಂತು ನೋಡದೆ ಕೂತು, ಅಂಡಿನ ಮೇಲೇ ಜರುಗುತ್ತ ಜಾಗ ಸೇರಬೇಕು. ಲೈಫ್ ಜಾಕೆಟ್ಟಿನ ಎಳೆದಾರದ ಬಗ್ಗೆ ಎಚ್ಚರ: ಕ್ಯಾಮೆರಾ ಪಟ್ಟಿ ಅದಕ್ಕೆ ಸಿಕ್ಕಿ ಜಗ್ಗಿತೆಂದರೆ ಒಳಗಿನ ಸಣ್ಣ ಸಿಲಿಂಡರ್ ಒಡೆದು, ಕತ್ತಿನ ಸುತ್ತ ಕುಂಬಳಕಾಯಿಯಷ್ಟು ಗಾಳಿ ಕ್ಷಣದಲ್ಲಿ ತುಂಬಿ, ಮನುಷ್ಯ ಆಕಾಶವನ್ನಷ್ಟೇ ನೋಡಬಲ್ಲವನಾಗುತ್ತಾನೆ. ದಡದಲ್ಲಿ ಇಳಿಯುವಾಗ ಹಾರುವವರ ಬೂಟು ತುಂಬುತ್ತದೆ. ಅಂಚಿನ ಮೇಲೆ ಕೂತು ಎರಡೂ ಕಾಲು ಹೊರಗೆ ತಿರುಗಿಸಿ, ಅಲೆ ಹಿಂದೆ ಸರಿದಾಗ ಮೆಲ್ಲಗೆ ಜಾರಿದವರದು ಉಳಿಯುತ್ತದೆ.

ಹಡಗಿನಿಂದ ಇಳಿಯುವಾಗ ನಂಬರಿನ ಬಿಲ್ಲೆ ತಿರುಗಿಸಬೇಕು ಅಥವಾ ಕಾರ್ಡು ತೋರಿಸಬೇಕು, ಹತ್ತಿದಾಗಲೂ. ಮರಳಿ ಬಂದು ಬಿಲ್ಲೆ ಮರೆತವರು ಬಿಸಿನೀರಿನ ಸ್ನಾನದಲ್ಲಿ ಹಾಡಿಕೊಳ್ಳುತ್ತಿರುವಾಗ, ದಡದಲ್ಲಿ ಗೈಡುಗಳು ಬಂದೂಕು ಹಿಡಿದು ಅವರನ್ನೇ ಹುಡುಕುತ್ತಿರುತ್ತಾರೆ. ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಾರೆ. ನಮ್ಮ ಹೆಸರನ್ನು ಕೂಗುವವರ ಉಚ್ಚಾರಣೆ ಹೇಗಿರುತ್ತದೆಂದರೆ, ಅದು ತಮ್ಮದೇ ಎಂದು ತಿಳಿಯಲು ಮೂರು ಸಲ ಬೇಕು.

ನೆಲ ಮಾತ್ರ ಈ ಎಲ್ಲ ಪಾಡಿಗೂ ಬೆಲೆ ಕಟ್ಟಿಕೊಡುತ್ತದೆ. ಕುಬ್ಜ ಬರ್ಚ್ ಕುಂಕುಮಗೆಂಪು, ಆರ್ಕ್‌ಟಿಕ್ ವಿಲ್ಲೋ ಅರಿಶಿನ, ನಡುವೆ ಕಾಡು ಬ್ಲೂಬೆರಿಯ ನೇರಳೆಗೆಂಪು. ಕಾಡಿನಲ್ಲಿ ದಾರಿ ತಪ್ಪಿದರೆ ಎದ್ದು ನಿಂತರೆ ಸಾಕು ಎಂಬ ಐಸ್‌ಲ್ಯಾಂಡಿನವರ ಹಳೆಯ ಚಟಾಕಿ ಇಲ್ಲಿಗೂ ಸಲ್ಲುತ್ತದೆ. ಫೋಟೋಕ್ಕೆಂದು ಮಕಾಡೆ ಮಲಗುವವರು ಮೊದಲು ಕೆಳಗೆ ನೋಡಬೇಕು, ಉದ್ದ ಕೂದಲಿನ ಕಾಡುಪ್ರಾಣಿ ಕಸ್ತೂರಿ ಎತ್ತು ಆ ದಾರಿಯಲ್ಲಿ ಹೋಗಿರುತ್ತದೆ. ಕರಡಿ ಕಂಡಿತು ಎಂಬ ಕೂಗಿನಲ್ಲಿ ಹೆಚ್ಚಿನವು ಬಿಳಿ ಕಲ್ಲು, ಕೆಲವು ಬೇಸಿಗೆಯಲ್ಲೂ ಬಿಳಿಯಾಗಿಯೇ ಇರುವ ಅಲ್ಲಿನ ಮೊಲ. ನಿಜವಾದ ಕರಡಿಯಾದರೆ ಯಾರೂ ಕೂಗುವುದಿಲ್ಲ. ಗೈಡು ತಣ್ಣಗೆ, ಎಲ್ಲರೂ ದೋಣಿಗೆ ನಡೆಯಿರಿ, ಓಡಬೇಡಿ, ಅನ್ನುತ್ತಾರೆ. ಆಗ ಬೆಳಗಿನಿಂದ ಮಂಡಿನೋವು ಹೇಳುತ್ತಿದ್ದವರು ಮೊದಲ ದೋಣಿಯಲ್ಲಿರುತ್ತಾರೆ.

ಕ್ಯಾಮೆರಾ ಚಳಿಯಿಂದ ಬೆಚ್ಚನೆಗೆ ಬಂದರೆ ಫ್ರಿಜ್ಜಿನಿಂದ ತೆಗೆದ ಲೋಟದಂತೆ ಬೆವರುತ್ತದೆ. ಹೊರಗೇ ಜಿಪ್ಪಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ತಂದು ಒಂದೆರಡು ಗಂಟೆ ಮುಟ್ಟದಿರಿ. ಬ್ಯಾಟರಿ ಒಳಜೇಬಿನಲ್ಲಿರಲಿ.

ರೋಡೆ ದ್ವೀಪದ ಹತ್ತಿರ, ಕೆಂಪು ಬಂಡೆಯ ಮುಂದೆ ನೀಲಿ ಹಿಮಬಂಡೆಗಳು ತೇಲುವ ಕಡೆ, ದೋಣಿಯಲ್ಲಿ ಒಬ್ಬರಾದರೂ ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ನೀರಿನ ಕೆಳಗಿರುವ ವಸ್ತು ಕರಗುತ್ತ ಸಮತೂಕ ತಪ್ಪಿ ಮಗುಚುವಾಗ ಮುನ್ಸೂಚನೆ ಕೊಡುವುದಿಲ್ಲ. ಹತ್ತಿರ ಬೇಕೆನ್ನುವವರಿಗೆ ಸಮುದ್ರದಲ್ಲಿ ಮುಳುಗು ಹಾಕುವ ಕಾರ್ಯಕ್ರಮವಿದೆ. ನೀರು ಒಂದೆರಡು ಡಿಗ್ರಿ, ಸೊಂಟಕ್ಕೆ ಹಗ್ಗ, ಪಕ್ಕದಲ್ಲಿ ಡಾಕ್ಟರು. ಬಿದ್ದ ಕ್ಷಣ ಎದೆ ತಾನಾಗಿ ಜೋರಾಗಿ ಉಸಿರೆಳೆಯುತ್ತದೆ, ಹಾಗಾಗಿ ಬಾಯಿ ಮುಚ್ಚಿರಬೇಕು. ಚಡ್ಡಿ ಬಿಗಿಯಾಗಿರಲಿ. ಮೇಲೆಳೆಯುವಾಗ ಹಗ್ಗ ಮೇಲಕ್ಕೆ ಬರುತ್ತದೆ, ಚಡ್ಡಿ ಬರಬೇಕೆಂದೇನಿಲ್ಲ.

ಫ್ಯೋರ್ಡಿನ ಬಾಯಲ್ಲಿ ಇಟ್ಟೊಕೊರ್ಟೊರ್ಮೀಟ್, 1925ರಲ್ಲಿ ಕಟ್ಟಿದ ಊರು, ಸುಮಾರು 350 ಜನ. ಸರಪಳಿಯಲ್ಲಿರುವ ನಾಯಿಗಳು ಜಾರುಬಂಡಿ ಎಳೆಯುವ ದುಡಿಮೆಗಾರರು. ಸರಪಳಿಯ ಉದ್ದ ಅಳೆಯದೆ ಚುಚ್ಚೂ ಅನ್ನುತ್ತ ಹೋದರೆ ಗ್ಲೌಸು ಅಲ್ಲೇ ಉಳಿಯುತ್ತದೆ. ಅಂಗಡಿಯ ಹಣ್ಣು ತರಕಾರಿ ಊರವರಿಗೆ ಬಿಡಿ. ಕರಡಿ ಚರ್ಮ, ನಾರ್ವಾಲ್ ತಿಮಿಂಗಿಲದ ದಂತದ ಒಡವೆಗೆ ಗಡಿ ದಾಟಲು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು, ಅದಿಲ್ಲದೆ ಕೊಂಡರೆ ಕಸ್ಟಮ್ಸಿನವರಿಗೆ ಉಡುಗೊರೆ. ಕಸ್ತೂರಿ ಎತ್ತಿನ ಉಣ್ಣೆಯ ಟೋಪಿ ಕೊಳ್ಳಿ, ಮಂಕಿಕ್ಯಾಪಿಗೆ ವಿಶ್ರಾಂತಿ ಸಿಗುತ್ತದೆ.

ಕೊನೆಗೆ ರಾತ್ರಿ ಎರಡು ಗಂಟೆಗೆ ಧ್ವನಿವರ್ಧಕ ಮತ್ತೆ ಕೆಮ್ಮುತ್ತದೆ: ಎಡಬದಿಯಲ್ಲಿ ಧ್ರುವಪ್ರಭೆ. ತಿಳಿದವರು ಮಲಗುವ ಮುಂಚೆಯೇ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 3200, ಶಟರು ತೆರೆದಿರುವುದು ಎರಡು ಸೆಕೆಂಡು ಎಂದು ಹೊಂದಿಸಿಟ್ಟಿರುತ್ತಾರೆ. ಹಡಗು ತೂಗುವುದರಿಂದ ಹದಿನೈದು ಸೆಕೆಂಡು ತೆಗೆದರೆ ನಕ್ಷತ್ರಗಳೆಲ್ಲ ಶಾವಿಗೆ. ಉಳಿದವರು ಕತ್ತಲಲ್ಲಿ ಪೈಜಾಮದ ಮೇಲೇ ಪ್ಯಾಂಟು, ಪ್ಯಾಂಟಿನ ಮೇಲೆ ಜಾಕೆಟ್ಟು ಏರಿಸುತ್ತಾರೆ. ಕಿಟಕಿಯಾಚೆ ಹಸಿರು ಪರದೆ ಮೆಲ್ಲಗೆ ಮಡಚಿಕೊಳ್ಳುತ್ತಿದೆ. ಕ್ಯಾಬಿನ್ನಿನೊಳಗೆ ಪೈಜಾಮದ ಲಾಡಿ ಜಿಪ್ಪಿಗೆ ಸಿಕ್ಕಿಕೊಂಡಿದೆ, ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು.